ದಸರೆಯೊಳಗೆ ಬಿಡಿಸಬೇಕಾದ ಎರಡು ರೂಢಿ

ಯಲಬುರ್ಗಾ, ೧೪ ಜೂನ್ ೧೯೪೩, ಸೋಮವಾರ

ಅವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡು ಇಂದಿಗೆ ನಾಲ್ಕು ದಿನ. ಎಲುಬು ಕೂಡಿಸುವವನು ಬಂದು ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿ, ಮೂರು ತಿಂಗಳು ಈ ಕೈಗೆ ಕೆಲಸ ಹೇಳಬೇಡಿರಿ ಎಂದು ಹೋಗಿದ್ದಾನೆ. ಕೈ ಅವ್ವನದು, ಶಿಕ್ಷೆ ನನ್ನದು. ರೊಟ್ಟಿ ಪಲ್ಯ ಹಿಂದಿನ ಓಣಿಯ ಚಿಕ್ಕಮ್ಮನ ಮನೆಯಿಂದ ಬರುತ್ತವೆ. ಕಳಕಿಯ ಒದ್ದೆ ಕೌದಿಯನ್ನು ಮಾತ್ರ ಯಾವ ಚಿಕ್ಕಮ್ಮನ ಮನೆಗೂ ಕಳಿಸಲಾಗುವುದಿಲ್ಲ.

ಕಳಕಿ ಎಂದರೆ ತೀರಿಹೋದ ನನ್ನ ಅಕ್ಕ ಶಂಕ್ರಮ್ಮನ ಮಗಳು, ಕಳಕಮ್ಮ. ಹಡೆಯಲು ತವರಿಗೆ ಬಂದ ಅಕ್ಕ ಹೆರಿಗೆಯ ಹದಿಮೂರನೆಯ ದಿನ ಜ್ವರದಲ್ಲಿ ಹೋದಳು. ಎರಡೂವರೆ ವರ್ಷದಿಂದ ಕೂಸನ್ನು ಸಾಕಿದವಳು ಅವ್ವ. ನಾನೂ ಇದೇ ಮನೆಯಲ್ಲಿದ್ದೆ, ಅಷ್ಟೆ. ಕೂಸು ಅತ್ತರೆ ಪುಸ್ತಕ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಿದ್ದೆ. ಹೆಂಡತಿ ಸತ್ತ ಮೇಲೆ ನನಗೆ ಬೇಕಾದದ್ದು ಒಂದೇ, ಸದ್ದಿಲ್ಲದ ಮನೆ. ಈಗ ಈ ನಾಲ್ಕು ದಿನದಲ್ಲಿ ಕೂಸಿನ ವಿಷಯ ಬೇಕಾದ್ದಕ್ಕಿಂತ ಹೆಚ್ಚೇ ತಿಳಿದಿದೆ.

ಅದಕ್ಕೆ ಎರಡು ರೂಢಿ. ಒಂದು ಬೆಲ್ಲದ ಗಂಟು. ಮೆತ್ತನೆಯ ಹಳೆ ಅರಿವೆಯ ಚೂರಿನಲ್ಲಿ ಒಂದಿಷ್ಟು ಬೆಲ್ಲ, ಚಿಟಿಕೆ ಪುಠಾಣಿ ಹಿಟ್ಟು ಇಟ್ಟು ದಾರ ಸುತ್ತಿದ ಗಂಟು. ತಾಯಿ ಹಾಲಿಲ್ಲದ ಕೂಸಿಗೆ ಚೀಪಲು ಕೊಡುವಂಥದು. ಹಗಲೆಲ್ಲ ಅದು ಕಳಕಿಯ ಬಾಯಲ್ಲೇ. ಎರಡನೆಯದು ಹಾಸಿಗೆ ತೋಯಿಸುವುದು. ದಿನಾ, ಒಂದು ದಿನವೂ ತಪ್ಪದೆ.

ಅಕ್ಕ ಹೋದಾಗ ಎರಡೂ ಕಡೆಯ ಹಿರಿಯರು ಕೂತು ಒಂದು ಮಾತಿಗೆ ಬಂದಿದ್ದರು. ಗಂಟು ಬಿಡುವತನಕ, ಹಾಸಿಗೆ ಒಣಗುವತನಕ ಕೂಸು ತಾಯಿಯ ತವರಲ್ಲಿ ಇರಲಿ, ಆಮೇಲೆ ತಂದೆಯ ಮನೆಗೆ. ತಂದೆ ಹಂಪಣ್ಣ ಗಂಗಾವತಿಯಲ್ಲಿ ಭತ್ತದ ವ್ಯಾಪಾರಿ. ಹೋದ ವರ್ಷ ಎರಡನೆಯ ಮದುವೆ ಮಾಡಿಕೊಂಡಿದ್ದಾರೆ. ಇವತ್ತು ಅವರ ಕಾಗದ ಬಂತು. ದಸರೆಗೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇವೆ, ಅಷ್ಟರೊಳಗೆ ಎರಡೂ ಬಿಡಿಸಿರಿ ಎಂದು ಬರೆದಿದ್ದಾರೆ.

ಅದೇ ಟಪಾಲಿನಲ್ಲಿ ಕಲಬುರ್ಗಿಯಿಂದಲೂ ಒಂದು ಕಾಗದ. ಮಾಸ್ತರರ ತರಬೇತಿಗೆ ನನ್ನ ಹೆಸರು ಬಂದಿದೆ! ದಸರೆ ಮುಗಿದ ಮೇಲೆ ಸೇರಬೇಕು, ಸೆಪ್ಟೆಂಬರ್ ಮುಗಿಯುವುದರೊಳಗೆ ಒಪ್ಪಿಗೆ ಬರೆದು ಕಳಿಸಬೇಕು. ತರಬೇತಿ ಇಲ್ಲದಿದ್ದರೆ ಸಾಯುವತನಕ ಇಲ್ಲೇ ಎರಡನೇ ಇಯತ್ತೆಗೆ ಪಾಠ. ದೇವರು ಎರಡನ್ನೂ ಒಂದೇ ಹೊತ್ತಿಗೆ ಜೋಡಿಸಿಕೊಟ್ಟಿದ್ದಾನೆ. ಕೂಸು ಗಂಗಾವತಿಗೆ, ನಾನು ಕಲಬುರ್ಗಿಗೆ. ಹದಿನಾರು ವಾರ ಇದೆ. ನಲವತ್ತು ಹುಡುಗರಿಗೆ ಮಗ್ಗಿ ಕಲಿಸುವವನಿಗೆ ಒಂದು ಕೂಸಿನ ಎರಡು ರೂಢಿ ಬಿಡಿಸುವುದು ಏನು ಮಹಾ.

೧೮ ಜೂನ್, ಶುಕ್ರವಾರ

ಶುಕ್ರವಾರ, ನಮ್ಮ ಸರ್ಕಾರದಲ್ಲಿ ಶಾಲೆಗೆ ವಾರದ ರಜೆ. ಯಾವ ಕೆಲಸವಾದರೂ ಮೊದಲು ತಿಳಿದವರನ್ನು ಕೇಳಿ ಆಮೇಲೆ ಕೈ ಹಾಕಬೇಕು. ಇವತ್ತೆಲ್ಲ ಕೇಳಿದ್ದೇ ಕೇಳಿದ್ದು.

ಪಕ್ಕದ ಮನೆಯ ಮೆಹಬೂಬಬೀ ಒಂಬತ್ತು ಹಡೆದವಳು. ಕಳಕಿ ಬದುಕಿದ್ದೇ ಅವಳ ಆಡಿನ ಹಾಲಿನಿಂದ. ಎಷ್ಟು ವರ್ಷಕ್ಕೆ ಬಿಡಿಸಬೇಕು ಎಂದು ಕೇಳಿದೆ.

"ಬಿಡಸೂದೆಲ್ಲಿ ಬಂತ್ರಿ ಮಾಸ್ತರ? ತಾವ ಬಿಡ್ತಾವ. ನಮ್ಮ ಮದಾರಸಾಬ ಏಳು ವರ್ಷದತನಕ ಹಾಸಿಗಿ ತೋಯಿಸ್ಯಾನ. ಈಗ ನೋಡ್ರಿ, ಪೊಲೀಸ ಆಗ್ಯಾನ."

ಏಳು ವರ್ಷ ಎಂದರೆ ನನ್ನ ತರಬೇತಿ ಹೋದಂತೆಯೇ. ಚಿಕ್ಕಮ್ಮ ದವಡೆ ಹಲ್ಲು ಪೂರಾ ಬಂದ ದಿನ ಗಂಟು ಕಸಿದುಕೊಳ್ಳಬೇಕು ಎಂದಳು. ಕಳಕಿಯ ಬಾಯಲ್ಲಿ ಬೆರಳಿಟ್ಟು ಎಣಿಸಲು ಹೋಗಿ ಕಚ್ಚಿಸಿಕೊಂಡೆ, ಲೆಕ್ಕ ಪೂರಾ ಆಗಲಿಲ್ಲ. ನಮ್ಮ ಹೆಡ್‌ಮಾಸ್ತರ ಮರ್ದಾನಸಾಬರ ಮಾತೇ ಬೇರೆ. "ಎರಡು ವರ್ಷ ತುಂಬಿದ ದಿನಾನ ಬಂದ್. ಪಾಬಂದಿ, ಶಿಸ್ತು ಬೇಕು ಅಂದಪ್ಪ, ಗಡಿಯಾರ ಇಟ್ಟು ಎಬ್ಬಸ್ರಿ" ಎಂದರು. ತಮ್ಮ ಕಿರಿಯ ಮಗನಿಗೆ ಎಷ್ಟು ವರ್ಷ ಎಂದು ಕೇಳಿದರೆ ಅರ್ಧ ತಾಸು ಯೋಚಿಸಿದರು.

ಕೊನೆಗೆ ಅವ್ವನನ್ನು ಕೇಳಿದೆ. ಕೈ ಎದೆಗೆ ಕಟ್ಟಿಕೊಂಡು ಮಲಗಿದ್ದಳು. "ನೀ ಬಟ್ಟ ಚೀಪೂದು ಬಿಟ್ಟಾಗ ಸಾಲಿಗೆ ಹೋಗಾಕತ್ತಿದ್ದಿ" ಎಂದಳು. ಬೆರಳು ಚೀಪಿದ್ದು ನನಗೇನೂ ನೆನಪಿಲ್ಲ. ನಾಲ್ಕು ಮಂದಿಯಿಂದ ನಾಲ್ಕು ಮಾತು ಬಂದವು. ಬೆಳಿಗ್ಗೆ ಇದ್ದಷ್ಟು ತಿಳಿವಳಿಕೆಯೂ ಈಗ ಉಳಿದಿಲ್ಲ.

೨೫ ಜೂನ್, ಶುಕ್ರವಾರ

ಬೇವಿನ ಎಲೆ ಅರೆದು ಗಂಟಿಗೆ ಬಳಿದೆ. ಇದು ಚಿಕ್ಕಮ್ಮ ಹೇಳಿದ ಉಪಾಯ. ಕಳಕಿ ಬಾಯಿಗಿಟ್ಟುಕೊಂಡಳು, ಮುಖ ಕಿವುಚಿದಳು, ತೆಗೆದಳು. ಗೆದ್ದೆ ಎಂದುಕೊಂಡೆ. ಅವಳು ನೇರ ಬಚ್ಚಲಿಗೆ ಹೋಗಿ ಗಂಟನ್ನು ಬಕೀಟಿನಲ್ಲಿ ಅದ್ದಿ, ನಾನು ಕೌದಿ ತಿಕ್ಕುವ ಹಾಗೆಯೇ ಎರಡೂ ಅಂಗೈ ನಡುವೆ ತಿಕ್ಕಿ, ಹಿಂಡಿ, ಮತ್ತೆ ಬಾಯಿಗಿಟ್ಟುಕೊಂಡಳು. ಆಮೇಲೆ ಕೈಚಾಚಿ ನನಗೂ ಒಂದು ಸಲ ಚೀಪಲು ಕೊಟ್ಟಳು.

ನನ್ನ ತರಗತಿಯಲ್ಲಿ ಇಷ್ಟು ಬುದ್ಧಿಯ ಹುಡುಗ ಒಬ್ಬನೂ ಇಲ್ಲ. ಆದರೆ ಬುದ್ಧಿ ಇದ್ದವರಿಗೆ ರೂಢಿ ಬಿಡಿಸುವುದು ಸುಲಭವೋ ಕಷ್ಟವೋ, ಅದನ್ನು ಯಾರನ್ನು ಕೇಳಲಿ?

೬ ಜುಲೈ, ಮಂಗಳವಾರ

ಇಷ್ಟು ದಿನ ಕತ್ತಲಿರುವಾಗಲೇ ಹಳ್ಳಕ್ಕೆ ಹೋಗಿ ಕೌದಿ ಒಗೆದು ಬರುತ್ತಿದ್ದೆ. ಇವತ್ತು ಏಳುವುದು ತಡವಾಯಿತು. ಹೆಂಗಸರೆಲ್ಲ ಬಂದುಬಿಟ್ಟಿದ್ದರು.

"ಅಯ್ಯ, ಅಂದಪ್ಪ ಮಾಸ್ತರು ಕೌದಿ ಒಗ್ಯಾಕ ಬಂದಾರ ನೋಡ್ರೆ!"

"ಮಾಸ್ತರ, ಮಗ್ಗಿ ಹಚ್ಚಿ ಒಗೀರಿ, ಲಗೂನ ಸ್ವಚ್ಛ ಆಕ್ಕೈತಿ."

ಯುದ್ಧದ ದೆಸೆಯಿಂದ ಸಬಕಾರ ಸಿಗುತ್ತಿಲ್ಲ. ಸವಳು ಮಣ್ಣು ಹಾಕಿ ತಿಕ್ಕುತ್ತಿದ್ದೆ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಆಗ ಒಬ್ಬ ಮುದುಕಿ ಬಂದು, ಕೌದಿಯನ್ನು ಎಳೆದು ಹಿಂಡುವುದಲ್ಲ, ಮಡಚಿ ಕಲ್ಲಿಗೆ ಒತ್ತಬೇಕು ಎಂದು ತೋರಿಸಿಕೊಟ್ಟಳು. ನಿಜಕ್ಕೂ ಅರ್ಧ ಹೊತ್ತಿನಲ್ಲಿ ಮುಗಿಯಿತು. ಮೂವತ್ತೊಂದು ವರ್ಷ ಬದುಕಿಯೂ ಇದು ನನಗೆ ಗೊತ್ತಿರಲಿಲ್ಲ.

ಈಗ ಪಾಬಂದಿ ಶುರು ಮಾಡಿದ್ದೇನೆ. ಕೋಳಿ ಕೂಗುವ ಮೊದಲೇ ಎದ್ದು ಕಳಕಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುವುದು. ನಿದ್ದೆಗಣ್ಣಲ್ಲೇ ಅವಳ ತಲೆ ನನ್ನ ಹೆಗಲ ಮೇಲೆ ಇರುತ್ತದೆ. ಅವಳ ತಲೆ ಇಷ್ಟು ಬಿಸಿ ಇರುವುದು ಸಹಜವೋ ಜ್ವರವೋ ಎಂದು ಅವ್ವನನ್ನು ಕೇಳಿದೆ. ಅವ್ವ ನಕ್ಕಳು.

೧೫ ಜುಲೈ

ಒದ್ದೆ.

೧೬ ಜುಲೈ

ಒದ್ದೆ. ನನ್ನ ಧೋತರವೂ.

೧೯ ಜುಲೈ, ಸೋಮವಾರ

ಒಣಗಿದೆ! ಕೌದಿಯನ್ನು ನಾಲ್ಕೂ ಕಡೆ ಮುಟ್ಟಿ ನೋಡಿದೆ, ಮೂಸಿಯೂ ನೋಡಿದೆ. ಅಡಿಗೆಮನೆಯ ಗೋಡೆಯ ಮೇಲೆ ಇದ್ದಲಿನಿಂದ ಒಂದು ಗೀಟು ಎಳೆದು, "ಇದು ಕಳಕಮ್ಮಂದು" ಎಂದೆ. ಅವಳು ಆ ಗೀಟಿನ ಮುಂದೆ ಕೂತು ಊಟ ಮಾಡಿದಳು. ಶಾಲೆಯಲ್ಲಿ ಮರ್ದಾನಸಾಬರಿಗೆ ಹೇಳಿದೆ. ಅವರು ತನಿಖೆ ಸಾಹೇಬರ ಭೇಟಿಯ ಗಡಿಬಿಡಿಯಲ್ಲಿದ್ದರು. "ಏನು ಒಣಗಿತು?" ಎಂದರು.

೬ ಆಗಸ್ಟ್, ಶುಕ್ರವಾರ

ನಿನ್ನೆ ಪಂಚಮಿ. ಗಂಗಾವತಿಯಿಂದ ಹಂಪಣ್ಣ ಮಾವ ತಮ್ಮ ಹೊಸ ಹೆಂಡತಿ ಬಸವಣ್ಣೆಮ್ಮನನ್ನು ಕರೆದುಕೊಂಡು ಬಂದಿದ್ದರು. ಎರಡನೆಯವಳಾಗಿ ಬಂದವಳು ಮೊದಲಿನವಳ ತವರಿಗೂ ಮಗಳೇ, ಪಂಚಮಿಗೆ ಬಂದು ಉಡಿ ತುಂಬಿಸಿಕೊಂಡು ಹೋಗಬೇಕು. ಅವ್ವ ಎಡಗೈಯಿಂದಲೇ ಉಡಿ ತುಂಬಿದಳು. ತುಂಬುವಾಗ ಅಳಲಿಲ್ಲ. ಒಳಗೆ ಹೋಗಿ ಅತ್ತಳು.

ಬಸವಣ್ಣೆಮ್ಮನಿಗೆ ಇಪ್ಪತ್ತು ತುಂಬಿರಲಿಕ್ಕಿಲ್ಲ. ಮಾತು ಕಡಿಮೆ. ಕಳಕಿ ಗಂಟು ಚೀಪುತ್ತ ನನ್ನ ಧೋತರ ಹಿಡಿದು ನಿಂತಿದ್ದಳು. ಉಂಡಿ ತೋರಿಸಿ ಕರೆದರೂ ಹೋಗಲಿಲ್ಲ. ಬಸವಣ್ಣೆಮ್ಮನ ಕಣ್ಣು ತುಂಬಿಕೊಂಡವು.

"ಅಣ್ಣಾರ, ಅದನ್ನೊಂದು ಬಿಡಿಸಿ ಕೊಡ್ರಿ. ಹಾಸಿಗಿ ತೋಯಿಸಿದ್ರ ನಾ ಒಗ್ಕೊಂತೀನಿ, ಯಾರಿಗೂ ಕಾಣೂದಿಲ್ಲ. ಗಂಟು ಚೀಪಿದ್ರ ಓಣಿಗೆಲ್ಲ ಕಾಣತೈತಿ. ತಾಯಿ ಇಲ್ಲದ ಕೂಸು ಅಂತಾರ. ಹಂಗಾರ ನಾ ಯಾರು?"

ನ್ಯಾಯವಾದ ಮಾತು. ಆದರೂ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಹೊರಡುವಾಗ ಮಾವ ಕೇಳಿದರು. "ಹಾಸಿಗಿ ಹೆಂಗೈತಿ ಅಂದಪ್ಪ? ಒಣಗೈತೇನು?" ಹತ್ತು ದಿನದಿಂದ ಒಣಗಿದೆ, ಗೋಡೆಯ ಮೇಲೆ ಹತ್ತು ಗೀಟು ಇವೆ. "ಇನ್ನೂ ಇಲ್ರಿ ಮಾವಾರ" ಎಂದುಬಿಟ್ಟೆ. ಪರೀಕ್ಷೆಗೆ ಮೊದಲು ಫಲಿತಾಂಶ ಸಾರುವುದು ಒಳ್ಳೆಯ ಮಾಸ್ತರನ ಲಕ್ಷಣವಲ್ಲ. ಹಾಗೆಂದೇ ಹೇಳಿದ್ದಿರಬೇಕು.

೨೧ ಆಗಸ್ಟ್, ಶನಿವಾರ

ವಿಚಿತ್ರ ನಡೆಯಿತು. ಮೆಹಬೂಬಬೀಯ ಆಡು ಮೊನ್ನೆ ಮರಿ ಹಾಕಿದೆ. ಕಳಕಿ ದಿನವೆಲ್ಲ ಅಲ್ಲೇ. ಸಂಜೆ ನೋಡಿದರೆ ಬಾಯಲ್ಲಿ ಗಂಟಿಲ್ಲ. ಮರಿ ಅರಚುತ್ತಿತ್ತಂತೆ, ಇವಳು ತನ್ನ ಗಂಟನ್ನು ಅದರ ಬಾಯಿಗಿಟ್ಟಳಂತೆ, ಪಕ್ಕದಲ್ಲಿದ್ದ ತಾಯಿ ಆಡು ಅದನ್ನು ದಾರಸಮೇತ ತಿಂದುಹಾಕಿತಂತೆ.

"ಇಕಿ ಅಳ್ಳೇ ಇಲ್ರಿ ಮಾಸ್ತರ. ನಕ್ಕೊಂತ ಕುಂತಿದ್ಲು" ಎಂದಳು ಮೆಹಬೂಬಬೀ.

ಹದಿನಾರು ವಾರದ ಕೆಲಸ ಹತ್ತು ವಾರಕ್ಕೇ ಮುಗಿದಂತಾಯಿತು. ಸಂತೋಷವಾಗಬೇಕಿತ್ತು. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದೆ. ಒಮ್ಮಿಂದೊಮ್ಮೆಲೆ ಬಿಟ್ಟರೆ ಕೂಸಿಗೆ ಬಾಲಗ್ರಹ ಆದೀತು ಎಂದು ಯಾರೋ ಹೇಳಿದ್ದು ನೆನಪಿಗೆ ಬಂತು. ಯಾರು ಎಂಬುದು ಮಾತ್ರ ನೆನಪಾಗಲಿಲ್ಲ. ಅವ್ವನ ಪೆಟ್ಟಿಗೆಯಿಂದ ಹಳೆ ಅರಿವೆ ತೆಗೆದು ಹೊಸದೊಂದು ಗಂಟು ಕಟ್ಟಿದೆ. ಇಷ್ಟು ದಿನ ರೊಟ್ಟಿಯ ಜೊತೆ ಚಿಕ್ಕಮ್ಮನೇ ಕಟ್ಟಿ ಕಳಿಸುತ್ತಿದ್ದಳು. ನಾನು ಮೊದಲ ಸಲ ಕಟ್ಟಿದ್ದು, ಚೆನ್ನಾಗಿಯೇ ಬಂತು. ಕಳಕಿ ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು, ನನ್ನ ಮುಖ ನೋಡಿ, ತೆಗೆದು ನನ್ನ ಕಿಸೆಯಲ್ಲಿ ಹಾಕಿದಳು. ನಾನು ಮತ್ತೆ ಕೊಟ್ಟೆ.

೧೧ ಸೆಪ್ಟೆಂಬರ್, ಶನಿವಾರ

ತರಬೇತಿಯ ಒಪ್ಪಿಗೆ ಕಾಗದ ಬರೆದಿಟ್ಟು ಎಂಟು ದಿನವಾಯಿತು. ಹಾಕಿಲ್ಲ. ಮಸಿ ಹರಡಿತ್ತು, ಎರಡನೆಯ ಸಲ ಬರೆದೆ. ಸರ್ಕಾರಕ್ಕೆ ಉರ್ದುವಿನಲ್ಲೇ ಬರೆಯಬೇಕು, ಅಕ್ಷರ ಸರಿ ಬಂದಿಲ್ಲ ಎನಿಸಿ ಮೂರನೆಯ ಸಲ ಬರೆದೆ. ಮರ್ದಾನಸಾಬರು ದಿನಾ ಕೇಳುತ್ತಾರೆ.

ಕಳಕಿಗೆ ಈಗ ಮಾತು ಬಹಳ. ಇವತ್ತು ನಾನು ಶಾಲೆಯಿಂದ ಬರುವಾಗ ಓಣಿಯ ತುದಿಯಲ್ಲಿ ನಿಂತಿದ್ದಳು. "ಮಾಮಾ, ನಿನ್ನ ಸಾಲಿ ಒದ್ದಿ ಆತೋ ಒಣಾ ಆತೋ?" ಎಂದು ಕೇಳಿದಳು. ಒಣಾ ಎಂದೆ. "ಗೀಟು ಹಾಕ್ತೀನಿ ತಡಿ" ಎಂದು ಓಡಿದಳು. ಗೋಡೆಯ ಮೇಲೆ ನನ್ನ ಹೆಸರಿನಲ್ಲೂ ಒಂದು ಗೀಟು ಬಿದ್ದಿದೆ, ಸೊಟ್ಟಗೆ.

೨೪ ಸೆಪ್ಟೆಂಬರ್, ಶುಕ್ರವಾರ

ಅವ್ವನ ಕೈಯ ಕಟ್ಟು ಬಿಚ್ಚಿದ್ದಾರೆ. ಬೆರಳು ಆಡುತ್ತವೆ. ಮೊದಲು ಮಾಡಿದ ಕೆಲಸ ನನ್ನ ಕಿಸೆಗೆ ಕೈ ಹಾಕಿದ್ದು. ಗಂಟು ತೆಗೆದು ಹಿಡಿದಳು.

"ಇದ ಯಾರದು?"

"ಕಳಕೀದು."

"ಕಳಕಿ ಬಿಟ್ಟು ತಿಂಗಳ ಮ್ಯಾಲಾತು. ದಿನಾ ಕಟ್ಟಿ ಕಟ್ಟಿ ಕೊಡಾಂವ ನೀನ. ಕೂಸು ಒಲ್ಲೆ ಅಂದ್ರೂ ಬಾಯಾಗ ತುರುಕ್ತಿ. ಏನ ಮಾಡಾಕತ್ತಿ ಅಂದಪ್ಪ?"

ಬಾಲಗ್ರಹದ ಮಾತು ಹೇಳಿದೆ. ಅವ್ವ ಕೇಳಿಸಿಕೊಂಡಳು.

"ಅಕಿಗೆ ಅಪ್ಪ ಅದಾನ. ಇವತ್ತಲ್ಲ ನಾಳಿಗೆ ಹೋಗ್ಬೇಕು. ದೊಡ್ಡಾಕಿ ಆದಮ್ಯಾಲೆ ಹೋದ್ರ ಅಲ್ಲಿ ಬಂದು ಹೋಗೊ ಪಾವ್ಣಿ ಹಂಗ ಆಗ್ತಾಳ. ಈಗ ಹೋದ್ರ ಮಗಳಾಗ್ತಾಳ. ನಂಗೇನು ಕರಳು ಇಲ್ಲೇನು?"

ಜಗಳ ಮಾಡಿದೆ. ಕೈ ಸರಿಯಾದದ್ದೇ ತಡ ಎಲ್ಲರ ಮೇಲೂ ಅಧಿಕಾರ ಚಲಾಯಿಸುತ್ತಾಳೆ ಎಂದೆ. ಅನ್ನಬಾರದಿತ್ತು. ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕೂಸಿನ ಆರೋಗ್ಯದ ಕಾಳಜಿ ಮಾಡುವುದು ತಪ್ಪೇ?

೩೦ ಸೆಪ್ಟೆಂಬರ್, ಗುರುವಾರ

ಒಪ್ಪಿಗೆ ಕಳಿಸಲು ಇವತ್ತು ಕೊನೆಯ ದಿನ. ಮಳೆ ಬಂತು. ಟಪಾಲು ಕಚೇರಿಗೆ ಹೋಗಲಾಗಲಿಲ್ಲ.

ಟಪಾಲು ಕಚೇರಿ ಶಾಲೆಯ ಎದುರಿಗೇ ಇದೆ ಎಂದು ಮರ್ದಾನಸಾಬರು ಹೇಳಿದರು. ಇದೆ, ಯಾರು ಇಲ್ಲ ಎಂದರು?

೬ ಅಕ್ಟೋಬರ್, ಬುಧವಾರ

ಮಾವ ಮತ್ತು ಬಸವಣ್ಣೆಮ್ಮ ಕೊಪ್ಪಳದಿಂದ ಬಸ್ಸಿನಲ್ಲಿ ಬಂದರು. ಕಳಕಿಗೆ ಹೊಸ ಲಂಗ ತಂದಿದ್ದಾರೆ, ಹಸಿರು. ಬನ್ನಿ ಮುಡಿದ ಮಾರನೆಯ ದಿನ ಹೊರಡುವುದಂತೆ. ಕಳಕಿ ಲಂಗ ಹಾಕಿಕೊಂಡು ಬಸವಣ್ಣೆಮ್ಮನ ತೊಡೆಯ ಮೇಲೆ ಕೂತಳು. ತಾನಾಗಿಯೇ ಕೂತಳು, ಯಾರೂ ಕರೆದಿರಲಿಲ್ಲ.

ನನಗೆ ತಲೆನೋವು. ಬೇಗ ಮಲಗುತ್ತೇನೆ.

೯ ಅಕ್ಟೋಬರ್, ಶನಿವಾರ

ಇದನ್ನು ಬರೆಯಬಾರದು ಎಂದು ಎರಡು ಸಲ ಪುಸ್ತಕ ಮುಚ್ಚಿಟ್ಟೆ. ನಾನು ಬರೆಯದಿದ್ದರೆ ಆಗಿದ್ದು ಆಗಲಿಲ್ಲವೆಂದಾಗುತ್ತದೆಯೇ?

ನಸುಕಿನಲ್ಲಿ ಎಂದಿನಂತೆ ಕಳಕಿಯನ್ನು ಹಿತ್ತಲಿಗೆ ಕರೆದೊಯ್ದೆ. ಹಾಸಿಗೆ ಒಣಗಿತ್ತು. ಅವಳನ್ನು ಬಚ್ಚಲ ಒಲೆಯ ಮುಂದೆ ಅವ್ವನ ಹತ್ತಿರ ಬಿಟ್ಟು ಒಳಗೆ ಬಂದೆ. ಕೈಯಲ್ಲಿ ತಂಬಿಗೆ ಇತ್ತು. ಕೌದಿಯ ಮೇಲೆ ನೀರು ಸುರಿದೆ. ಯೋಚಿಸದೆ ಸುರಿದೆ ಎಂದು ಬರೆಯಲು ಹೊರಟಿದ್ದೆ, ಸುಳ್ಳು. ತಣ್ಣೀರು ಸುರಿದರೆ ಗೊತ್ತಾಗುತ್ತದೆ ಎಂದು ಒಲೆಯ ಮೇಲಿನ ಉಗುರುಬೆಚ್ಚನೆಯ ನೀರನ್ನೇ ತಂದಿದ್ದೆ.

ಮಾವ ಎದ್ದು ಬಂದು ನೋಡಿದರು.

"ಏನೋ ಅಂದಪ್ಪ, ಇನ್ನೂ ತೋಯಿಸ್ತಾಳೇನು? ಬಿಟ್ಟಾಳ ಅಂತ ಅತ್ತಿ ಹೇಳಿದ್ರಲ್ಲ."

"ಒಮ್ಮೊಮ್ಮಿ, ಮಾವಾರ."

ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಮಾವ ಕೆಟ್ಟವರಲ್ಲ, ನಕ್ಕರು. "ಹಿಂಗಾದ್ರ ನಮ್ಮ ಮನ್ಯಾಗ ಹಿರಿಯಾರು ಸುಮ್ಮನಿರೂದಿಲ್ಲ. ಮಾತಂದ್ರ ಮಾತು. ಮತ್ತೊಂದು ವರ್ಷ ಇಲ್ಲೇ ಇರ್ಲಿ ಬಿಡು" ಎಂದರು. ಇದೇ ನನಗೆ ಬೇಕಾದದ್ದು ಎಂದು ಆ ಕ್ಷಣದವರೆಗೂ ನನಗೇ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಗ ಕಳಕಿ ಇದ್ದಲು ಹಿಡಿದುಕೊಂಡು ಬಂದಳು. "ಮಾಮಾ, ಗೀಟು ಹಾಕು."

"ಯಾವ ಗೀಟವ್ವ? ಹಾಸಿಗಿ ತೋಯಿಸಿದವರಿಗೆ ಗೀಟಿಲ್ಲ" ಎಂದರು ಮಾವ.

ಅವಳು ಹೋಗಿ ಕೌದಿ ಮುಟ್ಟಿದಳು. ಕೈ ಮೂಸಿದಳು. "ನಾ ಅಲ್ಲ" ಎಂದಳು. ಮಾವ ಮತ್ತೆ ನಕ್ಕರು. "ನಾ ಅಲ್ಲ. ಮಾಮಾ, ಹೇಳು."

ಹೇಳಲಿಲ್ಲ. ಎಲ್ಲರ ಎದುರಿಗೆ ಅವಳು ನನ್ನ ಮುಖ ನೋಡುತ್ತ ನಿಂತಳು. ದಿನಾ ಬೆಳಿಗ್ಗೆ ಒದ್ದಿ ಯಾವುದು, ಒಣಾ ಯಾವುದು ಎಂದು ಹೇಳುವವನು ನಾನು, ನಾನು ಹೇಳಿದ್ದೇ ಅವಳಿಗೆ ನಿಜ. ಅವಳ ಕೈಯಿಂದ ಇದ್ದಲು ಬಿತ್ತು. ನಿಂತಲ್ಲೇ, ಆ ಹಸಿರು ಲಂಗದಲ್ಲಿ, ಕಾಲಗುಂಟ ಇಳಿಯತೊಡಗಿತು. ಎರಡೂವರೆ ತಿಂಗಳ ಮೇಲೆ ಮೊದಲ ಸಲ. ಅವಳು ಬಗ್ಗಿ ಅದನ್ನು ನೋಡಿದಳು.

"ನಾನ ಮಾಡೀನಿ" ಎಂದಳು.

"ಅಕಿ ಮಾಡಿಲ್ಲ" ಎಂದೆ. "ಕೌದಿ ಮ್ಯಾಲ ನೀರ ಸುರುವಿದಾಂವ ನಾನು." ಮಾವನಿಗೆ ಅರ್ಥವಾಗಲಿಲ್ಲ. ಮೂರು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಅವರ ಮುಖ ಕಪ್ಪಾಯಿತು.

"ಮಾಸ್ತರಕಿ ಮಾಡ್ತಿ. ಏನೂ ಅರೀದ ಕೂಸಿನ ಮ್ಯಾಲ ಸುಳ್ಳ ಹೊರಸ್ತಿಯೇನೋ?"

ಹೌದು. ಹೊರಿಸಿದ್ದೆ.

ಬಸವಣ್ಣೆಮ್ಮ ಎದ್ದಳು. ಸೀರೆಯನ್ನು ಮೇಲೆ ಸಿಕ್ಕಿಸಿಕೊಳ್ಳಲೂ ಇಲ್ಲ, ಆ ಒದ್ದೆ ಕೂಸನ್ನು ಹಾಗೆಯೇ ಹಬ್ಬದ ಸೀರೆಗೆ ಅವಚಿಕೊಂಡು ಬಚ್ಚಲಿಗೆ ಹೋದಳು. ನೀರಿನ ಸದ್ದಿನ ನಡುವೆ ಅವಳ ಮಾತು ಕೇಳುತ್ತಿತ್ತು. "ನೀ ಮಾಡಿಲ್ಲವ್ವ, ನೀ ಶ್ಯಾಣ್ಯಾಕಿ. ಮಾಮಾನ ಮಾಡ್ಯಾನ. ಮಾಮಾಂದು ಗೀಟು ಅಳಸೂಣೇನು?" ಸ್ವಲ್ಪ ಹೊತ್ತಿಗೆ ಕಳಕಿ ನಕ್ಕದ್ದು ಕೇಳಿಸಿತು.

ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದೆ. ಬಸವಣ್ಣೆಮ್ಮ ಬಾಗಿಲ ಮರೆಯಿಂದ, "ಅಣ್ಣಾರ, ನಾಳಿ ನೀವೂ ಬರ್ರಿ. ಎಂಟ ದಿನ ಇರ್ರಿ. ಒಮ್ಮಿಗೇ ಬಿಡು ಅಂದ್ರ ಯಾರಿಗೆ ಆಕ್ಕೈತಿ?" ಎಂದಳು.

ಕೂಸಿಗಾಗಿ ಹೇಳಿದಳೋ ನನಗಾಗಿ ಹೇಳಿದಳೋ ಕೇಳುವ ಧೈರ್ಯ ಬರಲಿಲ್ಲ.

ಗಂಗಾವತಿ, ೧೮ ಅಕ್ಟೋಬರ್, ಸೋಮವಾರ

ಬಸ್ಸಿನಲ್ಲಿ ಹಿಟ್ನಾಳ ದಾಟುವತನಕ ಕಳಕಿ ನನ್ನ ತೊಡೆಯ ಮೇಲಿದ್ದಳು, ಅಲ್ಲಿಂದ ಬಸವಣ್ಣೆಮ್ಮನ ತೊಡೆಗೆ ಹೋದಳು. ಈ ಮನೆಯ ಅಂಗಳದ ತುಂಬ ಭತ್ತದ ಚೀಲ. ಅವಳು ಅವುಗಳ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ದಣಿಯುತ್ತಾಳೆ. ಮೊದಲ ಮೂರು ದಿನ ನನ್ನ ಪಕ್ಕದಲ್ಲಿ ಮಲಗಿದಳು. ನಾಲ್ಕನೆಯ ದಿನ ಕಥೆ ಕೇಳಲು ಎಂದು ಒಳಗೆ ಹೋದವಳು ಅಲ್ಲೇ ನಿದ್ದೆ ಹೋದಳು. ಮಾವ ಎರಡು ದಿನ ಮುಖ ತಿರುವಿಕೊಂಡಿದ್ದರು, ಆಮೇಲೆ ತಾವಾಗಿಯೇ ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದರು. ನನ್ನ ತರಬೇತಿ ಯಾವಾಗ ಎಂದು ಕೇಳಿದರು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿರುತ್ತಾರೆ ಎಂದೆ.

ನನಗೆ ಈಗಲೂ ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತದೆ. ಮಾಡಲು ಏನೂ ಇರುವುದಿಲ್ಲ. ಇವತ್ತೂ ಹಾಗೆಯೇ ಕೂತಿದ್ದೆ. ಒಳಗಿನಿಂದ ಅವಳ ದನಿ ಬಂತು.

"ಯವ್ವಾ. ಯವ್ವಾ, ಏಳ. ನಂಗ ಬಂದೈತಿ."

ನಾನು ಆಗಲೇ ಎದ್ದು ಬಾಗಿಲವರೆಗೆ ಹೋಗಿದ್ದೆ. ಒಳಗೆ ಬಳೆಯ ಸದ್ದಾಯಿತು. "ಬಂದೆ ಬಂದೆ, ನನ್ನ ಶ್ಯಾಣಿ" ಎನ್ನುತ್ತ ಬಸವಣ್ಣೆಮ್ಮ ಹಿತ್ತಲ ಬಾಗಿಲ ಅಗಳಿ ತೆಗೆದಳು.

ನನ್ನ ಹತ್ತಿರ ಇದ್ದಾಗ ಕಳಕಿ ಹೀಗೆ ಒಂದು ದಿನವೂ ಕರೆದವಳಲ್ಲ. ಅವಳು ಕರೆಯುವ ಮೊದಲೇ ನಾನು ಎತ್ತಿಕೊಂಡಿರುತ್ತಿದ್ದೆ. ಆ ಎಲ್ಲ ಗೀಟುಗಳು ಅವಳವು ಎಂದುಕೊಂಡಿದ್ದೆ. ನನ್ನವಾಗಿದ್ದವು. ಅವಳದು ಇವತ್ತು ಒಂದು.

ಹಿಂದಿರುಗಿ ಬಂದು ಮಲಗಿ, ಸದ್ದು ಹೊರಗೆ ಹೋಗಬಾರದೆಂದು ಹೊದಿಕೆಯ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಅತ್ತೆ. ಸಂತೋಷಕ್ಕೋ ಸಂಕಟಕ್ಕೋ, ಈಗಲೂ ತಿಳಿಯದು. ಹಿತ್ತಲಿನಿಂದ ಅವರಿಬ್ಬರೂ ಏನೋ ಮಾತಾಡಿಕೊಳ್ಳುತ್ತ ಒಳಗೆ ಹೋದರು. ಏಳು ಗಂಟೆಗೆ ಕೊಪ್ಪಳದ ಬಸ್ಸಿದೆ.